ಗೋಡೆಯ ಮೇಲಿನ ಹಸಿರು ಕಿವಿ

ಶಾಲನ್ ಸಾತಪುತೆ ಮೂವತ್ತೊಂದು ವರ್ಷದಿಂದ ನರ್ಸು. ರಕ್ತ, ಕೀವು, ವಾಂತಿ, ಹಸಿಗೂಸಿನ ಮೊದಲ ಕಪ್ಪು ಮಲ, ಎಲ್ಲವನ್ನೂ ಒರೆಸಿ, ಕೈ ತೊಳೆದು, ಅದೇ ಕೈಯಲ್ಲಿ ಭಾಕರಿ ಮುರಿದು ಉಂಡವಳು. ಇವುಗಳಿಂದ ಅವಳ ಹೊಟ್ಟೆ ಒಂದು ದಿನವೂ ತೊಳಸಿದ್ದಿಲ್ಲ. ಅವಳಿಗೆ ವಾಕರಿಕೆ ತರುತ್ತಿದ್ದದ್ದು ಸದ್ದು. ಕಾಲಿಂದ ಒತ್ತಿ ತೆರೆಯುವ ಕಸದ ಡಬ್ಬಿಯ ಮುಚ್ಚಳ ಧಡಾರನೆ ಬೀಳುವುದು, ಕುರ್ಚಿಯನ್ನು ಎತ್ತದೆ ಎಳೆಯುವುದು, ಯಾರದೋ ಜೇಬಿನೊಳಗೆ ಮೊಬೈಲು ಆರತಿ ಹಾಡುವುದು. ಇವನ್ನು ಕೇಳಿದರೆ ಅವಳ ಮುಖ ಬೇವಿನಕಾಯಿ ಕಚ್ಚಿದಂತಾಗುತ್ತಿತ್ತು.

ಕಾರಣವಿತ್ತು. ಮಿರಜಿನ ಆ ಟ್ರಸ್ಟ್ ಆಸ್ಪತ್ರೆಯ ಎರಡನೇ ಮಹಡಿಯಲ್ಲಿ, ದಿನ ತುಂಬುವ ಮೊದಲೇ ಹುಟ್ಟಿದ ಕೂಸುಗಳನ್ನು ಇಡುವ ಕೋಣೆಗೆ ಅವಳೇ ಮುಖ್ಯಸ್ಥೆ. ಒಂದೊಂದು ಕೂಸು ಎರಡು ಸೇರು ಅಕ್ಕಿಯಷ್ಟೂ ತೂಗುವುದಿಲ್ಲ. ಅವು ಇನ್ನೂ ಎರಡು ಮೂರು ತಿಂಗಳು ತಾಯಿಯ ಹೊಟ್ಟೆಯೊಳಗೆ ಕತ್ತಲಲ್ಲಿ, ನೀರಲ್ಲಿ ಇರಬೇಕಾದವು. ಅಂಥವನ್ನು ಗಾಜಿನ ಪೆಟ್ಟಿಗೆಯಲ್ಲಿ ಮಲಗಿಸಿ, ಅದರ ಮುಚ್ಚಳದ ಮೇಲೆ ಯಾವಳೋ ಒಬ್ಬಳು ಸ್ಟೀಲ್ ಬಟ್ಟಲನ್ನು ಟಣ್ಣೆಂದು ಇಟ್ಟರೆ ಏನಾಗುತ್ತದೆ? ಕೂಸು ಎರಡೂ ಕೈ ಅಗಲಿಸಿ ಬೆಚ್ಚುತ್ತದೆ, ಬೆಚ್ಚಿದ್ದು ಉಸಿರಾಡುವುದನ್ನೇ ಮರೆಯುತ್ತದೆ. ಹೌದು, ಮರೆಯುತ್ತದೆ. ಆಮೇಲೆ ಅಂಗಾಲಿಗೆ ಬೆರಳಿಂದ ಚಿಟಿಕೆ ಹೊಡೆದು ನೆನಪಿಸಬೇಕು.

ಆದ್ದರಿಂದ ಶಾಲನ್ ಕುರ್ಚಿಯ ಕಾಲುಗಳಿಗೆಲ್ಲ ಕೂಸುಗಳ ಹಳೆಯ ಕಾಲುಚೀಲ ತೊಡಿಸಿದ್ದಳು. ಕಸದ ಡಬ್ಬಿಯ ಬಾಯಿಗೆ ಸ್ಪಂಜು ಅಂಟಿಸಿದ್ದಳು. ಆಯಾ ಗೋದೂ ಮಾವಶಿಯ ಕಾಲುಂಗುರಗಳು ನೆಲಕ್ಕೆ ತಾಗಿ ಟಿಕ್ ಟಿಕ್ ಎನ್ನುತ್ತವೆಂದು ಅವಕ್ಕೂ ಪ್ಲಾಸ್ಟರ್ ಸುತ್ತಿಸಿದ್ದಳು. ಮಾವಶಿ ಸುಮ್ಮನೆ ಸುತ್ತಿಸಿಕೊಳ್ಳುವ ಹೆಂಗಸಲ್ಲ.

"ನಾಳಿ ನನ್ನ ಮೊಳಕಾಲ ಎಲುವು ಕಟಕಟ ಅಂತಾವು. ಅವಕ್ಕೂ ಒಂದೀಟು ಪಟ್ಟಿ ಸುತ್ತಿಬಿಡ್ರಿ ಬಾಯಿ" ಎಂದು ಪಿಸುಗುಟ್ಟಿದ್ದಳು. ಆ ಕೋಣೆಯಲ್ಲಿ ಬೈಗಳೂ ಪಿಸುಮಾತಿನಲ್ಲೇ ನಡೆಯುತ್ತಿದ್ದವು.

ಇಷ್ಟೆಲ್ಲ ವರ್ಷ ಅವಳ ಈ ಹುಚ್ಚನ್ನು ಕಂಡು ನಗುತ್ತಿದ್ದ ದೊಡ್ಡ ಡಾಕ್ಟರು ಕೊಲ್ಹಟಕರರಿಗೆ ಎರಡು ವಾರದ ಹಿಂದೆ ಇದ್ದಕ್ಕಿದ್ದಂತೆ ಸದ್ದಿನ ಮೇಲೆ ಭಕ್ತಿ ಹುಟ್ಟಿತು. ಪುಣೆಯ ಯಾವುದೋ ಸಭೆಗೆ ಹೋಗಿ ಬಂದಿದ್ದರು. ಬಂದವರೇ ಕೋಣೆಗೆ 'ಶಾಂತ ಕಕ್ಷ' ಎಂದು ಹೆಸರಿಟ್ಟು ಬಾಗಿಲಿಗೆ ದೊಡ್ಡ ಫಲಕ ಹೊಡೆಸಿದರು. ಸುತ್ತಿಗೆಯಿಂದ, ಕೂಸುಗಳು ಒಳಗಿರುವಾಗಲೇ. ಗೋಡೆಗೆ ಒಂದು ಪ್ಲಾಸ್ಟಿಕ್ ಕಿವಿ ಬಂತು. ಕೋಣೆ ಶಾಂತವಾಗಿದ್ದರೆ ಕಿವಿಯೊಳಗೆ ಹಸಿರು ದೀಪ, ಗದ್ದಲ ಏರಿದರೆ ಹಳದಿ, ಮಿತಿ ಮೀರಿದರೆ ಕೆಂಪು. ಅದರ ಬೆನ್ನಿಗೇ ಒಂದು ಹೊಚ್ಚ ಹೊಸ ಗಾಜಿನ ಪೆಟ್ಟಿಗೆಯೂ ಬಂತು. ತಾಸಗಾಂವದ ಒಣದ್ರಾಕ್ಷಿ ವ್ಯಾಪಾರಿ ನಲವಡೆ ಸಾಹೇಬರು ತೀರಿಹೋದ ತಾಯಿಯ ಹೆಸರಲ್ಲಿ ಕೊಟ್ಟ ದಾನ. ನಮ್ಮ ಕಡೆ ದಾನ ಕೊಟ್ಟವರು ಹೆಸರು ಕೆತ್ತಿಸದೆ ಬಿಟ್ಟದ್ದುಂಟೇ? ಬೆಂಚು ಕೊಟ್ಟರೆ ಬೆಂಚಿನ ಬೆನ್ನಿಗೆ, ಫ್ಯಾನು ಕೊಟ್ಟರೆ ಅದರ ರೆಕ್ಕೆಗೆ, ನೀರಿನ ಲೋಟ ಕೊಟ್ಟರೆ ಲೋಟದ ಅಂಚಿಗೆ. ಹಾಗೆಯೇ ಈ ಪೆಟ್ಟಿಗೆಯ ಕೆಳಭಾಗಕ್ಕೂ ಅಂಗೈ ಅಗಲದ ಹಿತ್ತಾಳೆ ಫಲಕ ಬಂತು: 'ಮಾತೋಶ್ರೀ ಕೈಲಾಸವಾಸಿ ಅನುಸಯಾಬಾಯಿ ನಲವಡೆ ಇವರ ಸ್ಮರಣಾರ್ಥ'. ಆಸ್ಪತ್ರೆಯ ಬಡಗಿ ಅದಕ್ಕೆ ನಾಲ್ಕು ರಿವೆಟ್ ಹೊಡೆದು, ಕೆಳಗೆ ಗಟ್ಟಿ ಅಂಟೂ ಮೆತ್ತಿ, ಭೂಕಂಪವಾದರೂ ಬೀಳುವುದಿಲ್ಲ ಎಂದು ಹೇಳಿಹೋದ.

ಆ ಪೆಟ್ಟಿಗೆಗೆ ಹಾಕಿದ್ದು ನಿಯಾಜ್ ಸಿತಾರಮೇಕರನ ಮಗಳನ್ನು.

ಅವಳಿಗಿನ್ನೂ ಹೆಸರಿಟ್ಟಿರಲಿಲ್ಲ. ಕಾಲಿಗೆ ಕಟ್ಟಿದ ಪಟ್ಟಿಯಲ್ಲಿ 'ತಸ್ಲೀಮಳ ಕೂಸು' ಎಂದಷ್ಟೇ ಇತ್ತು. ಎರಡೂವರೆ ತಿಂಗಳು ಮೊದಲೇ ಹುಟ್ಟಿದ್ದಳು, ತೂಕ ಒಂದು ಕಿಲೋ ಅರವತ್ತು ಗ್ರಾಂ. ಹುಟ್ಟಿದ ದಿನ ಗಂಟಲಿಗೆ ಉಸಿರಿನ ನಳಿಕೆ ಹಾಕಿ ಮರುದಿನ ತೆಗೆದಿದ್ದರು. ಮೊದಲ ಮೂರು ದಿನ ಹಳೆಯ ಪೆಟ್ಟಿಗೆಯಲ್ಲಿದ್ದಳು. ಹಳದಿಗಟ್ಟಿದ, ಹದಿನಾಲ್ಕು ವರ್ಷದ ಮುದಿ ಪೆಟ್ಟಿಗೆ ಅದು. ಅದರಲ್ಲಿ ಒಮ್ಮೆಯೂ ಉಸಿರು ಮರೆಯಲಿಲ್ಲ. ನಾಲ್ಕನೇ ದಿನ ಹೊಸದಕ್ಕೆ ಬಂದಳು, ಹಳೆಯದನ್ನು ಕಣ್ಣಿಗೆ ಚಂದವಿಲ್ಲವೆಂದು ಪಕ್ಕದ ತಾಯಂದಿರ ಕೋಣೆಗೆ ತಳ್ಳಿದರು. ಅಂದಿನಿಂದ ಎಂಟು ದಿನ, ದಿನಕ್ಕೆ ಐದಾರು ಸಲ, ಅವಳ ಉಸಿರು ನಿಲ್ಲತೊಡಗಿತು. ಯಂತ್ರದಲ್ಲಿ ಆಮ್ಲಜನಕದ ಅಂಕಿ ತೊಂಬತ್ತನಾಲ್ಕರಿಂದ ಎಪ್ಪತ್ತಕ್ಕೆ ಜಾರುತ್ತಿತ್ತು. ಕೊಲ್ಹಟಕರರು ಆ ವಾರದ ಆರಂಭದಲ್ಲೇ ಹೇಳಿಬಿಟ್ಟಿದ್ದರು: ಶುಕ್ರವಾರದೊಳಗೆ ಇದು ನಿಲ್ಲದಿದ್ದರೆ ಮತ್ತೆ ಗಂಟಲಿಗೆ ನಳಿಕೆ. ಈ ತೂಕದಲ್ಲಿ ಎರಡನೇ ಸಲ ನಳಿಕೆಗೆ ಹೋದ ಕೂಸುಗಳಲ್ಲಿ ಎಷ್ಟು ಮನೆಗೆ ಹೋದವು ಎಂಬುದು ಶಾಲನ್‌ಗೆ ಗೊತ್ತಿತ್ತು. ಆ ಲೆಕ್ಕವನ್ನು ಅವಳು ಯಾರಿಗೂ ಹೇಳುತ್ತಿರಲಿಲ್ಲ.

ಎಲ್ಲೋ ಸದ್ದಾಗುತ್ತಿದೆ, ಅದಕ್ಕೇ ಕೂಸು ಬೆಚ್ಚುತ್ತಿದೆ ಎಂಬುದು ಅವಳಿಗೆ ಖಾತ್ರಿ. ಆದರೆ ತಲೆ ಎತ್ತಿ ನೋಡಿದಾಗಲೆಲ್ಲ ಗೋಡೆಯ ಕಿವಿ ಹಸಿರು. ಕಿವಿ ಹಸಿರಿದ್ದಮೇಲೆ ಇನ್ನೇನು? ಆದರೂ ಬಿಡದೆ ಅವಳು ಮಾವಶಿಯನ್ನು ಬೈದಳು, ಕಿರಿಯ ನರ್ಸು ಪ್ರಣಾಲಿಯ ಬಳೆ ಬಿಚ್ಚಿಸಿದಳು, ಪಕ್ಕದ ಕೂಸಿನ ಅಜ್ಜಿ ಕೆಮ್ಮಿದಳೆಂದು ಹೊರಗೆ ಕಳಿಸಿದಳು. ಕೊನೆಗೆ ನಿಯಾಜನ ಮೇಲೂ ಹರಿಹಾಯ್ದಳು.

ಅವನು ದಿನವೂ ಹನ್ನೊಂದಕ್ಕೆ ಬರುತ್ತಿದ್ದ. ತಂದೆಗೆ ಅರ್ಧ ತಾಸು ಮಾತ್ರ. ಇಪ್ಪತ್ತೆಂಟರ ಸಣ್ಣ ಆಳು, ಉಗುರಿನ ಸಂದಿಯಲ್ಲಿ ಅರಗು, ಎಷ್ಟು ತೊಳೆದರೂ ಹೋಗದ್ದು. ಮೂರು ತಲೆಮಾರಿನಿಂದ ಅವರ ಮನೆಯಲ್ಲಿ ಸಿತಾರು ಮಾಡುತ್ತಾರೆ. ಅವನ ಕೆಲಸ ತಂತಿಯ ಕೆಳಗಿನ ಎಲುಬಿನ ಕುದುರೆಯನ್ನು ಕೂದಲೆಳೆಯಷ್ಟು ಕೂದಲೆಳೆಯಷ್ಟೇ ಉಜ್ಜಿ ನಾದ ಕೂಡಿಸುವುದು. ಅದಕ್ಕೆ ಅವರು ಜವಾರಿ ಎನ್ನುತ್ತಾರೆ. ಒಂದು ಎಳೆ ಹೆಚ್ಚು ಉಜ್ಜಿದರೆ ಸಿತಾರು ಗೊಗ್ಗರು ದನಿಯಲ್ಲಿ ಗುಂಯ್‌ಗುಡುತ್ತದೆ, ವಾದ್ಯವೇ ದಂಡ. ಮಂಗಳವಾರ ಅವನು ಕೈ ತೊಳೆದು ಬಂದು, ಪೆಟ್ಟಿಗೆಯ ಪಕ್ಕಕ್ಕೆ ಅಂಗೈ ಆನಿಸಿ, ಕಣ್ಣು ಮುಚ್ಚಿ ಬಹಳ ಹೊತ್ತು ನಿಂತ. ಪ್ರಾರ್ಥನೆ ಮಾಡುತ್ತಿದ್ದಾನೆ ಎಂದುಕೊಂಡಳು ಶಾಲನ್.

"ಸಿಸ್ಟರ್, ಸಿಟ್ಟಾಗಬ್ಯಾಡ್ರಿ" ಎಂದ ಅವನು ಕಣ್ಣು ತೆರೆದು. "ಈ ಪೆಟ್ಟಿಗಿ ಜವಾರಿ ಕೆಟ್ಟೈತ್ರಿ. ಒಳಗ ಏನೋ ಏನಕ್ಕೋ ತಾಗಿ ಗುಂಯ್ ಅಂತೈತಿ. ಏರತೈತಿ, ಇಳಿತೈತಿ. ಏರಿದಾಗೊಮ್ಮೆ ನನ್ನ ಕೂಸು ಬೆಚ್ಚತೈತಿ."

ಅವಳಿಗೆ ಮೈಯೆಲ್ಲ ಉರಿಯಿತು. ಎಂಟು ದಿನದಿಂದ ನಿದ್ದೆಗೆಟ್ಟು ಹುಡುಕುತ್ತಿರುವವಳಿಗೆ ಇವನು ಬಂದು ಪಾಠ ಹೇಳುವುದೇ? ಹೊಚ್ಚ ಹೊಸ ಪೆಟ್ಟಿಗೆಯಲ್ಲಿ ಕುಂದು ಹುಡುಕುವುದೇ?

"ಇದು ನಿನ್ನ ಅಂಗಡಿ ಅಲ್ಲಪಾ" ಎಂದಳು. "ಅಲ್ಲಿ ಗ್ವಾಡಿ ಮ್ಯಾಲ ನೋಡು. ಕಿವಿ ಹಸರ ಐತಿ. ಆ ಯಂತ್ರಕ್ಕಿಂತ ನಿನ್ನ ಕಿವಿ ಶಾಣ್ಯಾ ಏನು? ಕಿಸೆದಾಗಿನ ಕೀಲಿ ಗೊಂಚಲ ಮೊದಲ ಹೊರಗಿಟ್ಟು ಬಾ."

ಅವನು ಹೊರಗೆ ಹೋದ. ಕೀಲಿ ಇಟ್ಟು ಬರುವಷ್ಟರಲ್ಲಿ ಅವನ ಅರ್ಧ ತಾಸು ಮುಗಿದಿತ್ತು, ಅವಳು ಒಳಗೆ ಬಿಡಲಿಲ್ಲ. ನಿಯಮ ನಿಯಮವೇ.

ಬುಧವಾರ ಅವನು ಮತ್ತೆ ಬಂದ. ಕೀಲಿ ಇಲ್ಲ, ಗಡಿಯಾರ ಇಲ್ಲ, ಅಂಗಿಯ ಗುಂಡಿಗಳೂ ಬಟ್ಟೆಯವು. ಈ ಸಲ ಪೆಟ್ಟಿಗೆಯ ಕೆಳಗೆ ಕೂತು, ಹಿತ್ತಾಳೆ ಫಲಕದ ಮೇಲೆ, ಸರಿಯಾಗಿ ಅನುಸಯಾಬಾಯಿಯ ಹೆಸರಿನ ಮೇಲೆ, ಹೆಬ್ಬೆರಳು ಒತ್ತಿ ಹಿಡಿದ. ಅರ್ಧ ತಾಸೂ ಹಾಗೇ ಕೂತ. ಮಗಳ ಮುಖವನ್ನೂ ನೋಡಲಿಲ್ಲ. ಶಾಲನ್ ಬೈಯಲೆಂದೇ ಬಂದವಳು ಯಂತ್ರದ ಅಂಕಿ ನೋಡಿ ನಿಂತಳು. ತೊಂಬತ್ತೈದು. ತೊಂಬತ್ತಾರು. ಅರ್ಧ ತಾಸಿನಲ್ಲಿ ಎ.ಸಿ. ಎರಡು ಸಲ ಜೋರಾಗಿ ಬೀಸಿತು, ಪೆಟ್ಟಿಗೆ ಒಳಗಿನ ಬಿಸಿ ಹಿಡಿದಿಡಲು ಎರಡು ಸಲ ತನ್ನ ಫ್ಯಾನಿನ ವೇಗ ಏರಿಸಿತು. ಕೂಸು ಅಲುಗಲಿಲ್ಲ.

"ಬೆರಳು ತಗೀಲೇನ್ರಿ?" ಎಂದು ಕೇಳಿದ ಅವನು. "ತಗದ್ರ ಅಕಿ ಬೆಚ್ಚತಾಳ. ಬ್ಯಾಡ ಅಂದ್ರ ಇಲ್ಲೇ ಕೂಡತೇನಿ."

ಶಾಲನ್ ಕೊರಳಲ್ಲಿ ಸ್ಟೆತಾಸ್ಕೋಪ್ ತೂಗುತ್ತಿತ್ತು. ಅದು ಮೂವತ್ತೊಂದು ವರ್ಷದಿಂದ ಅಲ್ಲೇ ತೂಗುತ್ತಿತ್ತು. ಅವಳು ಪೆಟ್ಟಿಗೆಯ ಕೈಕಿಂಡಿ ತೆರೆದು, ಅದರ ಬಿಲ್ಲೆಯನ್ನು ಒಳಗೆ, ಕೂಸಿನ ಎದೆಯ ಮೇಲಲ್ಲ, ಕೂಸಿನ ಕಿವಿಯ ಪಕ್ಕ ಹಾಸಿಗೆಯ ಮೇಲೆ ಇಟ್ಟಳು. ಕಿಂಡಿಯನ್ನು ಸ್ಟೆತಾಸ್ಕೋಪಿನ ನಳಿಕೆಯ ಸುತ್ತ ಬಟ್ಟೆಯಿಂದ ಮುಚ್ಚಿದಳು. ಕಿವಿಗೆ ಸಿಕ್ಕಿಸಿಕೊಂಡಳು. ಬೆರಳು ತೆಗಿ ಎಂದು ಕಣ್ಣಲ್ಲೇ ಹೇಳಿದಳು.

ಮೊದಲು ಹಿಟ್ಟಿನ ಗಿರಣಿಯಂಥ ಒಂದು ಗುರುಗುರು. ಫ್ಯಾನು ವೇಗ ಏರಿಸಿತು. ಆಗ ಆ ಗುರುಗುರುವಿನ ಮೇಲೆ ಇನ್ನೊಂದು ಸದ್ದು ಹತ್ತಿತು, ತಗಡಿನ ಡಬ್ಬಿಯಲ್ಲಿ ಸಿಕ್ಕಿಕೊಂಡ ಕಣಜದ ಹುಳು ಗೋಡೆಯಿಂದ ಗೋಡೆಗೆ ಬಡಿದುಕೊಂಡಂತೆ. ಏರಿತು, ಇನ್ನೂ ಏರಿತು, ಶಾಲನ್‌ಳ ಹಲ್ಲಿನ ಬೇರಿಗೆ ಹೋಗಿ ತಾಗಿತು. ಕೂಸಿನ ಎರಡೂ ಕೈ ಅಗಲವಾದವು, ಬೆರಳು ಬಿಚ್ಚಿದವು, ಮುಖ ಮುದುಡಿತು, ಎದೆ ನಿಂತಿತು. ತೊಂಬತ್ತು. ಎಂಬತ್ತೆರಡು. ಎಪ್ಪತ್ತೊಂದು. ಅವಳು ಕೈ ಹಾಕಿ ಅಂಗಾಲಿಗೆ ಚಿಟಿಕೆ ಹೊಡೆದಳು, ಮತ್ತೆ ಹೊಡೆದಳು. ನಿಯಾಜ್ ಫಲಕ ಒತ್ತಿದ. ಹುಳು ಸತ್ತಂತೆ ಸದ್ದು ನಿಂತಿತು. ಕೂಸು ಬಿಕ್ಕಿ ಉಸಿರೆಳೆಯಿತು.

ಗೋಡೆಯ ಮೇಲೆ ಕಿವಿ ಹಸಿರಾಗಿಯೇ ಇತ್ತು. ಇರದೆ ಏನು? ಅದು ಕೋಣೆಯ ಸದ್ದು ಅಳೆಯುತ್ತಿತ್ತು. ಕೂಸು ಇದ್ದದ್ದು ಪೆಟ್ಟಿಗೆಯೊಳಗೆ.

ಟಾರ್ಚು ಹಿಡಿದು ಕೆಳಗಿನ ಜಾಲರಿಯಿಂದ ನೋಡಿದಾಗ ಅಂಗೈ ಹುಣ್ಣಿಗೆ ಕನ್ನಡಿ ಬೇಕಾಗಲಿಲ್ಲ. ಬಡಗಿ ಹೊಡೆದ ನಾಲ್ಕು ರಿವೆಟ್‌ಗಳಲ್ಲಿ ಒಂದರ ಬಾಲ ಒಳಗೆ ಬೆರಳಗಲ ಚಾಚಿ ಫ್ಯಾನಿನ ತಗಡಿನ ಕವಚಕ್ಕೆ ತಾಗಿತ್ತು. ಅನುಸಯಾಬಾಯಿಯ ಪುಣ್ಯಸ್ಮರಣೆ ಎಂಟು ದಿನದಿಂದ ಒಂದು ಕಿಲೋದ ಕೂಸಿನ ತಲೆಯ ಕೆಳಗೆ ಬಡಿಯುತ್ತಿತ್ತು. ಹೊರಗೆ ಥಳಕು, ಒಳಗೆ ಹುಳಕು ಎಂದು ಗಾದೆ ಮಾಡಿದವರು ಈ ಪೆಟ್ಟಿಗೆಯನ್ನು ನೋಡಿಯೇ ಮಾಡಿರಬೇಕು.

ಶಾಲನ್‌ಗೆ ಹೊಟ್ಟೆ ತೊಳಸಿತು, ನಿಜವಾಗಿಯೇ. ಕೈ ತೊಳೆಯುವ ಸಿಂಕಿನ ಹತ್ತಿರ ಹೋಗಿ ಬಾಯಿಗೆ ನೀರು ಹಾಕಿಕೊಂಡಳು. ಬಡಗಿಯ ಮೇಲಿನ ಹೇಸಿಗೆ ಒಂದು ಪಾಲು. ತನ್ನ ಮೇಲಿನದು ಮೂರು ಪಾಲು. ಮಾವಶಿಯ ಕಾಲುಂಗುರಕ್ಕೆ ಪಟ್ಟಿ ಸುತ್ತಿಸಿದವಳು, ತಂದೆಯನ್ನು ಕೀಲಿ ಗೊಂಚಲಿಗಾಗಿ ಹೊರಗಟ್ಟಿದವಳು, ಎಂಟು ದಿನದಲ್ಲಿ ಒಮ್ಮೆ, ಒಂದೇ ಒಮ್ಮೆ, ಕೂಸಿನ ಕಿವಿ ಇರುವಲ್ಲಿ ತನ್ನ ಕಿವಿ ಇಟ್ಟು ನೋಡಲಿಲ್ಲವಲ್ಲ.

ಹಾಗೇ ನೇರ ಕೊಲ್ಹಟಕರರ ಕೋಣೆಗೆ ಹೋದಳು. ಅವರು ಕನ್ನಡಿಯ ಮುಂದೆ ಹೊಸ ಜಾಕೀಟು ತೊಟ್ಟು ನೋಡುತ್ತಿದ್ದರು. ಗುರುವಾರ ಬೆಳಿಗ್ಗೆ ಹನ್ನೊಂದಕ್ಕೆ ನಲವಡೆ ಸಾಹೇಬರು ಬರುವವರು, ಪತ್ರಿಕೆಯವರು ಬರುವವರು, ಪೆಟ್ಟಿಗೆಯ ಲೋಕಾರ್ಪಣೆ, ಶಾಂತ ಕಕ್ಷದ ಪ್ರಮಾಣಪತ್ರ. ಶಾಲನ್ ಎಲ್ಲವನ್ನೂ ಹೇಳಿದಳು. ರಿವೆಟ್ ತೆಗೆಯಲು ಡ್ರಿಲ್ ಬೇಕು, ಡ್ರಿಲ್ ಹಿಡಿಯಬೇಕೆಂದರೆ ಕೂಸನ್ನು ಈಗಲೇ ಹಳೆಯ ಪೆಟ್ಟಿಗೆಗೆ ಹಾಕಿ ಇದನ್ನು ಹೊರಗೆ ಒಯ್ಯಬೇಕು ಎಂದಳು. ಅವರು ಪೂರ್ತಿ ಕೇಳಿದರು. ಅವರೇನು ತಿಳಿಯದ ಮನುಷ್ಯರಲ್ಲ, ಓದಿದವರು, ಕೈಯಲ್ಲಿ ಗುಣವಿರುವವರು. ತಿಳಿದೂ ಹೇಳಿದರಲ್ಲ, ಅದೇ ಅವಳಿಗೆ ಹೆಚ್ಚು ಹೇಸಿಗೆ ತಂದದ್ದು.

"ನಾಳೆ ಒಂದು ದಿನ, ಸಿಸ್ಟರ್" ಎಂದರು. "ಮಧ್ಯಾಹ್ನ ಆದ ಮ್ಯಾಲೆ ನೀವು ಬೇಕಾದ್ದು ಬಿಚ್ಚಿರಿ. ಈಗ ಫಲಕ ಕಿತ್ತರೆ ಸಾಹೇಬರು ಏನು ನೋಡಬೇಕು? ಪೆಟ್ಟಿಗೆ ಖಾಲಿ ಇದ್ದರೆ ಫೋಟೋ ಏನು ತೆಗೀಬೇಕು? ಅವರ ಮನಸ್ಸು ಚಲೋ ಇದ್ದರೆ ಇನ್ನೂ ಮೂರು ಪೆಟ್ಟಿಗೆ ಕೊಡ್ತಾರೆ. ಮೂರು ಕೂಸುಗಳಿಗೆ ಆಗ್ತದೆ. ನೀವೂ ವಿಚಾರ ಮಾಡ್ರಿ."

ಬೆಕ್ಕಿಗೆ ಆಟ, ಇಲಿಗೆ ಪ್ರಾಣಸಂಕಟ. ಶಾಲನ್ ವಾಪಸು ಬಂದಳು. ನಿಯಾಜ್ ಮೆಟ್ಟಿಲ ಮೇಲೆ ಕೂತಿದ್ದ. ತನ್ನನ್ನು ಒಳಗೇ ಬಿಟ್ಟರೆ ನಾಳೆಯ ತನಕ ಬೆರಳು ಒತ್ತಿಕೊಂಡು ಕೂಡುತ್ತೇನೆ, ಊಟ ಬೇಡ, ನೀರು ಬೇಡ ಎಂದ. ಅವನು ಹೇಳಿದ ರೀತಿ ನೋಡಿದರೆ ಕೂತೇ ಕೂಡುತ್ತಿದ್ದ. ಅವಳು ಅವನ ಮುಖ ನೋಡಲಾರದೆ, ಮನೆಗೆ ಹೋಗು, ತಸ್ಲೀಮ್ ಇನ್ನೂ ಹಾಸಿಗೆ ಬಿಟ್ಟಿಲ್ಲ, ಅವಳ ಹತ್ತಿರ ಇರು ಎಂದಳು.

ನಾಲ್ಕು ಗಂಟೆಗೆ ಕೂಸು ಮತ್ತೆ ಉಸಿರು ಮರೆಯಿತು. ಈ ಸಲ ಚಿಟಿಕೆಗೆ ಏಳಲಿಲ್ಲ. ಐವತ್ತೆಂಟಕ್ಕೆ ಇಳಿಯಿತು, ತುಟಿ ನೇರಳೆಯಾಯಿತು. ಶಾಲನ್ ಮುಖಕ್ಕೆ ರಬ್ಬರ್ ಬಟ್ಟಲು ಹಿಡಿದು ಚೀಲ ಒತ್ತಿ ಒತ್ತಿ ಉಸಿರು ತುಂಬಿದಳು. ಪ್ರಣಾಲಿ ಮೂಲೆಯಲ್ಲಿ ನಿಂತು ಅಳುತ್ತಿದ್ದಳು, ಸದ್ದಿಲ್ಲದೆ. ನಲವತ್ತು ಸೆಕೆಂಡಿನ ಮೇಲೆ ಕೂಸಿಗೆ ಬಣ್ಣ ಬಂತು.

ಶಾಲನ್ ಮುಂದೆ ಯಾರನ್ನೂ ಕೇಳಲಿಲ್ಲ. ಪಕ್ಕದ ಕೋಣೆಯ ಮುದಿ ಪೆಟ್ಟಿಗೆಯನ್ನು ಒರೆಸಿ, ಬಿಸಿ ಮಾಡಿ, ಐದೂವರೆಗೆ ತನ್ನ ಎರಡೂ ಅಂಗೈಯಲ್ಲಿ ಕೂಸನ್ನು ಎತ್ತಿ ಅದರಲ್ಲಿ ಮಲಗಿಸಿದಳು. ಇನ್ನೊಂದು ಯಂತ್ರ ಹಚ್ಚಿ ಪ್ರಣಾಲಿಯನ್ನು ಅಲ್ಲೇ ಕೂಡಿಸಿದಳು. ಪಾಳಿಯ ಚಿಕ್ಕ ಡಾಕ್ಟರು ಬಾಗಿಲಲ್ಲಿ ನಿಂತು ನೋಡಿ, ತಾನು ಚಹಾಕ್ಕೆ ಹೋಗಿದ್ದೆ, ಏನೂ ನೋಡಿಲ್ಲ ಎಂದು ಹೇಳಿ ನಿಜವಾಗಿಯೇ ಚಹಾಕ್ಕೆ ಹೋದರು.

ಹೊಸ ಪೆಟ್ಟಿಗೆ ಖಾಲಿಯಾಯಿತು. ಫೋಟೋಕ್ಕೆ ಕೂಸು ಬೇಕಲ್ಲವೇ? ತಗೋ ಕೂಸು. ಉಸಿರು ತುಂಬುವುದನ್ನು ಹೊಸ ಹುಡುಗಿಯರಿಗೆ ಕಲಿಸಲು ಕಪಾಟಿನಲ್ಲಿ ಒಂದು ರಬ್ಬರ್ ಗೊಂಬೆ ಇತ್ತು, ದಿನ ತುಂಬದ ಕೂಸಿನ ಅಳತೆಯದು. ಶಾಲನ್ ಅದಕ್ಕೆ ಟೊಪ್ಪಿಗೆ ತೊಡಿಸಿ, ಮೂಗಿಗೆ ನಳಿಕೆ ಅಂಟಿಸಿ, ಕಣ್ಣಿಗೆ ಬಿಳಿ ಪಟ್ಟಿ ಕಟ್ಟಿ, ಬಟ್ಟೆ ಸುತ್ತಿ ಮಲಗಿಸಿದಳು. ಮುಚ್ಚಿಡುವ ಇರಾದೆ ಅವಳಿಗಿರಲಿಲ್ಲ. ಬೆಳಿಗ್ಗೆ ಕೊಲ್ಹಟಕರರು ಬಂದು ನೋಡಲಿ, ಬೈಯಲಿ, ತಾನೂ ಬೈಯುತ್ತೇನೆ, ಕೆಲಸ ಹೋದರೆ ಹೋಗಲಿ ಎಂದು ಮಾತುಗಳನ್ನು ಒಂದೊಂದಾಗಿ ಜೋಡಿಸಿಕೊಂಡಿದ್ದಳು.

ಗುರುವಾರ ಅವರು ಬೆಳಗಿನ ಸುತ್ತಿಗೆ ಬರಲೇ ಇಲ್ಲ. ಹಾರ ತರಿಸುವುದರಲ್ಲಿದ್ದರು. ಬಂದದ್ದು ಹನ್ನೊಂದೂಕಾಲಿಗೆ, ಹದಿನಾಲ್ಕು ಜನರೊಂದಿಗೆ.

ಮೊದಲು ಶಾಂತ ಕಕ್ಷದ ಹೊಸ್ತಿಲ ಮೇಲೆ ಕಾಯಿ ಒಡೆದರು. ಆಮೇಲೆ ಧ್ವನಿಪೆಟ್ಟಿಗೆ ಬಂತು, ಮೈಕು ಬಂತು, ಮೈಕು ಕೀಂ ಎಂದು ಕಿರುಚಿತು. ಎರಡನೇ ಪೆಟ್ಟಿಗೆಯ ಕೂಸು ಅಳತೊಡಗಿದಾಗ ಯಾರೋ ನಕ್ಕು, ನೋಡಿ, ಅದೂ ಭಾಷಣ ಮಾಡುತ್ತಿದೆ ಎಂದರು. ವೀಡಿಯೋದಲ್ಲಿ ಪೀಂ ಪೀಂ ಬರುತ್ತದೆಂದು ಹೊಸ ಪೆಟ್ಟಿಗೆಯ ಪಕ್ಕದ ಯಂತ್ರವನ್ನು ಕೊಲ್ಹಟಕರರೇ ಕೈಯಾರೆ ಆರಿಸಿದರು. ಆರಿಸುವ ಮೊದಲು ಅದರ ಪರದೆಯನ್ನಾದರೂ ನೋಡಿದರೇ? ಅದು ನಿನ್ನೆ ಸಂಜೆಯಿಂದ ಖಾಲಿಯಿತ್ತು. ಶಾಲನ್ ಗೋಡೆಗೆ ಬೆನ್ನು ಹಚ್ಚಿ ಕಾಯುತ್ತ ನಿಂತಿದ್ದಳು. ಈಗ ನೋಡುತ್ತಾರೆ, ಈಗ ನೋಡುತ್ತಾರೆ.

ನೋಡಲಿಲ್ಲ. ಮೌನವೇ ಮೊದಲ ಮದ್ದು ಎಂದು ಮೈಕಿನಲ್ಲಿ ಕಾಲು ತಾಸು ಮಾತಾಡಿದರು. ಪೆಟ್ಟಿಗೆಯ ಗಾಜನ್ನು ತಟ್ಟಿ, ಈ ಪುಟ್ಟ ವೀರೆ ಇಲ್ಲಿಗೆ ಬಂದಮೇಲೆ ನೂರು ಗ್ರಾಂ ಏರಿದ್ದಾಳೆ ಎಂದರು. ಚಪ್ಪಾಳೆ ಬಿತ್ತು. ಗೋಡೆಯ ಕಿವಿ ಹಳದಿಯಾಗಿ, ಮರುಗಳಿಗೆ ಕೆಂಪಾಗಿ ಹೊಳೆಯಿತು. ಅಲ್ಲಿಗಾದರೂ ನಾಚಿಕೆ ಬರಬೇಕಿತ್ತು. ಫೋಟೋದವನಿಗೆ ಖುಷಿಯಾಯಿತು.

"ಇನ್ನೊಮ್ಮೆ ಜೋರಾಗಿ ಚಪ್ಪಾಳಿ ತಟ್ಟರಿ ಸಾಹೇಬ್ರ" ಎಂದ. "ಕಿವಿ ಕೆಂಪಾದ್ರ ಫೋಟೋ ಚಂದ ಬರತೈತಿ."

ಅವರು ತಟ್ಟಿದರು. ಬಂದವರೆಲ್ಲ, ನಗುತ್ತ.

ನಲವಡೆ ಸಾಹೇಬರು ಮಾತ್ರ ಚಪ್ಪಾಳೆ ತಟ್ಟಲಿಲ್ಲ. ಬಗ್ಗಿ, ಕರವಸ್ತ್ರದಿಂದ ಹಿತ್ತಾಳೆ ಫಲಕ ಒರೆಸಿದರು, ಬಾಯಿಂದ ಹಬೆ ಊದಿ ಮತ್ತೆ ಒರೆಸಿದರು. ಕಣ್ಣಲ್ಲಿ ನೀರಿತ್ತು, ಸುಳ್ಳು ನೀರಲ್ಲ. ಆಯೀ ಎಂದು ತಾಯಿಯನ್ನು ಕರೆದರು ಮೆಲ್ಲಗೆ. ಶಾಲನ್‌ಗೆ ಒಂದು ಗಳಿಗೆ ಆ ಮುದುಕನ ಮೇಲೆ ಕರುಳು ಚುರ್ ಎಂದಿತು. ಆಮೇಲೆ ಅವರು ಮೇಲೆದ್ದು, ಗಾಜಿನ ಮೇಲೆ ಕೈಯಿಟ್ಟು, ಗೊಂಬೆಯ ನೆತ್ತಿಯ ಮೇಲಿಂದ ಕ್ಯಾಮರಾ ನೋಡಿದರು. ಯಾರ ಕೂಸು ಇದು, ಹೇಗಿದೆ, ಹೆಸರೇನು ಎಂದು ಒಂದು ಮಾತು ಕೇಳಲಿಲ್ಲ. ಅವಳ ಕರುಳು ಮತ್ತೆ ಕಲ್ಲಾಯಿತು.

ಪೇಢೆ ಹಂಚಿ, ಎಲ್ಲರೂ ಕೆಳಗೆ ಊಟಕ್ಕೆ ಹೋದರು. ನೆಲದ ಮೇಲೆ ಚಪ್ಪಲಿಯ ಮಣ್ಣು, ಹೂವಿನ ಎಸಳು, ಕಾಯಿ ನೀರು. ಗೋದೂ ಮಾವಶಿ ಒರೆಸುತ್ತ ಒರೆಸುತ್ತ, ಪಟ್ಟಿ ಸುತ್ತಿದ ತನ್ನ ಕಾಲುಂಗುರ ನೋಡಿಕೊಂಡು, ಥೂ ಎಂದಳು. ಅದೂ ಪಿಸುಮಾತಿನಲ್ಲೇ.

ಕೊಲ್ಹಟಕರರಿಗೆ ಗೊತ್ತಾದದ್ದು ಮೂರು ಗಂಟೆಗೆ, ಪಕ್ಕದ ಕೋಣೆಯಲ್ಲಿ ಪ್ರಣಾಲಿಯನ್ನೂ ಮುದಿ ಪೆಟ್ಟಿಗೆಯನ್ನೂ ಕಂಡಾಗ. ಒಳಗೆ ಮಲಗಿದ ಕೂಸನ್ನು ನೋಡಿದರು, ಕಾಲಿನ ಪಟ್ಟಿ ಓದಿದರು, ಓಡಿಬಂದು ಹೊಸ ಪೆಟ್ಟಿಗೆಯ ಕಿಂಡಿ ತೆರೆದು ಗೊಂಬೆಯ ಕೆನ್ನೆ ಮುಟ್ಟಿದರು. ಅವರ ಮುಖ ಸುಟ್ಟ ಬದನೆಕಾಯಿಯಾಯಿತು. ಶಾಲನ್ ಜೋಡಿಸಿಕೊಂಡ ಮಾತುಗಳನ್ನೆಲ್ಲ ನಾಲಿಗೆಯ ತುದಿಗೆ ತಂದುಕೊಂಡು ಅವರ ಮುಂದೆ ಹೋಗಿ ನಿಂತಳು. ಬೈಯಲಿ, ಕೂಸಿಗೆ ಏನಾಗಿತ್ತು ಎಂದಾದರೂ ಕೇಳಲಿ. ಅವರು ಬಾಗಿಲು ಮುಚ್ಚಿ ಬಂದು, ದನಿ ಇಳಿಸಿ ಕೇಳಿದ್ದು ಒಂದೇ ಮಾತು.

"ಫೋಟೋದಾಗ ಗೊತ್ತಾಗೂದಿಲ್ಲಲ್ಲ, ಸಿಸ್ಟರ್?"

ಅಂಥ ಪ್ರಶ್ನೆಗೆ ಉತ್ತರ ಕೊಟ್ಟರೆ ಬಾಯಿ ಹೊಲಸಾಗುತ್ತದೆ. ಅವಳು ಕೊಡಲಿಲ್ಲ. ಅವಳನ್ನು ಕೆಲಸದಿಂದ ತೆಗೆಯಲೂ ಇಲ್ಲ. ತೆಗೆದರೆ ಕಾರಣ ಹೇಳಬೇಕಾಗುತ್ತಿತ್ತಲ್ಲ.

ಶುಕ್ರವಾರ ನಳಿಕೆ ಹಾಕುವ ಮಾತೇ ಬರಲಿಲ್ಲ. ಮುದಿ ಪೆಟ್ಟಿಗೆಯಲ್ಲಿ ಕೂಸು ಬುಧವಾರ ಸಂಜೆಯಿಂದ ಒಮ್ಮೆಯೂ ಉಸಿರು ಮರೆತಿರಲಿಲ್ಲ. ಭಾನುವಾರ ತಸ್ಲೀಮ್ ಗೋಡೆ ಹಿಡಿದು ನಡೆದು ಬಂದು, ಮಗಳನ್ನು ಎದೆಯ ಮೇಲೆ ಬರಿಮೈಗೆ ಬರಿಮೈ ಹಚ್ಚಿ ಒಂದು ತಾಸು ಕೂತಿದ್ದಳು. ಹೊಸ ಪೆಟ್ಟಿಗೆಯ ರಿವೆಟ್ ಬಿಚ್ಚಲು ಬಡಗಿಗೆ ಇನ್ನೂ ಪುರುಸೊತ್ತಾಗಿರಲಿಲ್ಲ. ಶಾಲನ್ ಅದರ ಫ್ಯಾನಿನ ವಯರು ಕಿತ್ತು ತನ್ನ ಕಪಾಟಿನಲ್ಲಿಟ್ಟು ಬೀಗ ಹಾಕಿದ್ದಳು.

ಸೋಮವಾರ ಆ ಫೋಟೋ ಚೌಕಟ್ಟು ಹಾಕಿಸಿಕೊಂಡು ಬಂದು ಕೋಣೆಯ ಹೊರಗಿನ ಗೋಡೆಗೆ ಏರಿತು. ಪತ್ರಿಕೆಯಲ್ಲಿ ಬಂದದ್ದೇ. ನಡುವೆ ಪೆಟ್ಟಿಗೆ, ಹಿತ್ತಾಳೆಯ ಹೊಳಪು, ನಲವಡೆ ಸಾಹೇಬರು, ಕೊಲ್ಹಟಕರರು, ಸುತ್ತ ಹನ್ನೆರಡು ನಗುವ ಮುಖ, ಮೇಲೆ ಕೆಂಪಗೆ ಹೊಳೆಯುವ ಕಿವಿ.

ಹನ್ನೊಂದಕ್ಕೆ ಬಂದ ನಿಯಾಜ್ ಅದರ ಮುಂದೆ ನಿಂತ. ಸಿತಾರಿನ ಕುದುರೆ ನೋಡುವಂತೆ ಒಂದು ಕಣ್ಣು ಕಿರಿದು ಮಾಡಿ ನೋಡಿದ. ಶಾಲನ್ ಕೈಯಲ್ಲಿ ಹಾಲಿನ ಲೋಟ ಹಿಡಿದು ಬಾಗಿಲಿಗೆ ಬಂದವಳು ಅಲ್ಲೇ ನಿಂತಳು.

"ಇದು ನಮ್ಮ ಕೂಸಲ್ಲ" ಎಂದ ಅವನು. ಇನ್ನೂ ಹತ್ತಿರ ಹೋಗಿ ನೋಡಿದ. "ಕೂಸ ಅಲ್ಲ ಇದು."

"ಹೌದಪಾ. ಗೊಂಬಿ."

ಅವನು ಹೆಬ್ಬೆರಳನ್ನು ಚೌಕಟ್ಟಿನ ಗಾಜಿನ ಮೇಲೆ, ಫಲಕ ಇರುವಲ್ಲಿ, ಒತ್ತಿ ಹಿಡಿದು ಬಿಟ್ಟ.

"ಇಷ್ಟು ಮಂದಿ ನಿಂತಾರಲ್ರಿ ಸಿಸ್ಟರ್. ಇದು ಉಸಿರಾಡವಲ್ದು ಅಂತ ಒಬ್ಬರಿಗೂ ಕಾಣಲಿಲ್ಲೇನ್ರಿ?"

"ಅವರು ಗ್ವಾಡಿ ಮ್ಯಾಲಿನ ಕಿವಿ ನೋಡಾಕತ್ತಿದ್ರು" ಎಂದಳು ಶಾಲನ್. ಲೋಟದ ಹಾಲು ತಣ್ಣಗಾಗುತ್ತಿತ್ತು. "ನಾನೂ ಎಂಟು ದಿನ ಅದನ್ನ ನೋಡಿದೆ."